ಮೊದಲು ಯಾವುದು?

ಕಾರಟಗಿಯು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಊರು. 1945ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸವು 1953ರಲ್ಲಿ ಮುಗಿದ ಮೇಲೆ, ಮಳೆಯನ್ನೇ ನಂಬಿ ಜೋಳ ಬೆಳೆಯುತ್ತಿದ್ದ ಈ ಸೀಮೆಯಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಭತ್ತದ ಬೆನ್ನಲ್ಲಿಯೇ ಅಕ್ಕಿ ಗಿರಣಿಗಳು ಬಂದವು.

ಗಿರಣಿಯ ಯಜಮಾನನ ಕೆಲಸವು ನೋಡುವವರಿಗೆ ಸುಲಭವೆನಿಸುತ್ತದೆ. ಭತ್ತ ಕೊಳ್ಳುವುದು, ಅಕ್ಕಿ ಮಾರುವುದು, ಅಷ್ಟೆ! ಆದರೆ ಸುಗ್ಗಿಯ ದಿನಗಳಲ್ಲಿ ಅವನ ಮುಂದೆ ಬರುವ ಬೇಡಿಕೆಗಳನ್ನು ಎಣಿಸಿ ನೋಡಿರಿ. ಅಕ್ಕಿಗೆ ಹೊಳಪು ಕೊಡುವ ಹೊಸ ಯಂತ್ರ ಬೇಕೆನ್ನುವನು ಮಗ. ಇನ್ನೊಂದು ಗೋದಾಮು ಬೇಕೆನ್ನುವನು ಗುಮಾಸ್ತ. ಚೀಲದ ಮೇಲೆ ಹೊಸ ಹೆಸರು ಅಚ್ಚು ಹಾಕಿಸಿರೆನ್ನುವನು ವ್ಯಾಪಾರಿ. ಒಂದೊಂದೂ ಒಳ್ಳೆಯ ಸಲಹೆಯೇ. ಕೈಯಲ್ಲಿರುವ ಹಣವೂ ದಿನಗಳೂ ಎಲ್ಲಕ್ಕೂ ಸಾಲವು. ಆದುದರಿಂದ ಬಲ್ಲ ಯಜಮಾನನು ಎರಡು ಮೂರು ಸಂಗತಿಗಳನ್ನು ಮುಂದಿಟ್ಟುಕೊಂಡು, ಉಳಿದವನ್ನು ಒಳ್ಳೆಯವಾದರೂ ಬದಿಗಿಡುತ್ತಾನೆ. ಹೀಗೆ ಬದಿಗಿಡುವುದೇ ಕಷ್ಟದ ಕೆಲಸ.

ಯಾವುದನ್ನು ಮುಂದಿಡಬೇಕೆಂಬುದನ್ನು ಭತ್ತದ ಲೆಕ್ಕವೇ ಹೇಳುತ್ತದೆ. ನೂರು ಕಿಲೋ ಭತ್ತದಲ್ಲಿ ಸುಮಾರು 20 ಕಿಲೋ ಉಮಿ, ಎಂಟು ಹತ್ತು ಕಿಲೋ ತೌಡು. ಅಕ್ಕಿಯಾಗಿ ಉಳಿಯುವುದು ಮೂರರಲ್ಲಿ ಎರಡು ಪಾಲು. ಅದರಲ್ಲಿ ಇಡಿಯ ಕಾಳೆಷ್ಟು, ನುಚ್ಚೆಷ್ಟು ಎಂಬುದರಲ್ಲಿ ಲಾಭನಷ್ಟವಿದೆ. ಗದ್ದೆಯಿಂದ ಬಂದ ಭತ್ತದ ತೇವಾಂಶವು ಶೇಕಡಾ 14ರ ಸುಮಾರಿಗೆ ಇಳಿಯಬೇಕು. ಹಸಿಯಿದ್ದರೂ ಕಾಳು ಮುರಿಯುತ್ತದೆ. ಉರಿಬಿಸಿಲಿನಲ್ಲಿ ಅವಸರದಿಂದ ಒಣಗಿಸಿದರೂ ಬಿರುಕು ಬಿಟ್ಟು ಮುರಿಯುತ್ತದೆ. ಒಣಗಿಸುವ ಕಣ ಕೆಟ್ಟಿರುವಾಗ ಹೊಳಪಿನ ಯಂತ್ರ ತಂದರೆ ಹೊಳೆಯುವ ನುಚ್ಚು ದೊರೆತೀತು!

ಎರಡನೆಯದು, ರೈತನ ಹಣವನ್ನು ಹೇಳಿದ ದಿನ ಕೊಡುವುದು. ಅವನಿಗೂ ಗೊಬ್ಬರದ ಸಾಲವಿದೆ, ಆಳುಗಳ ಕೂಲಿಯಿದೆ. ಹಣಕ್ಕಾಗಿ ನಾಲ್ಕು ಸಲ ಅಲೆದವನು ಮುಂದಿನ ಸುಗ್ಗಿಗೆ ಬೇರೆ ಗಿರಣಿಯ ಬಾಗಿಲಿಗೆ ಬಂಡಿ ಹೊಡೆಯುತ್ತಾನೆ.

ಒಂದನ್ನು ಬಿಗಿಯಾಗಿ ಹಿಡಿಯುವುದರ ಬಲವನ್ನು ಕರಾವಳಿಯ ಒಂದು ಬ್ಯಾಂಕೂ ತೋರಿಸಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ. ಎಂ. ಎ. ಪೈ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಉಡುಪಿಯಲ್ಲಿ ಅದನ್ನು ತೆರೆದರು. ಅವರು ಬಡವರ ಸಣ್ಣ ಉಳಿತಾಯವನ್ನು ಮುಂದಿಟ್ಟುಕೊಂಡರು. 1928ರಿಂದ ಬ್ಯಾಂಕಿನ ಪ್ರತಿನಿಧಿಗಳು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯನ್ನೂ ಸಂಗ್ರಹಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಆ ಸಂಸ್ಥೆಯು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು.

ಕಾರಟಗಿಯ ಯಜಮಾನನಿಗೆ ಮೂರನೆಯ ಸಂಗತಿಯೊಂದಿದೆ: ನೀರು ಕೈಕೊಟ್ಟ ವರ್ಷಕ್ಕೆಂದು ತೆಗೆದಿಡುವ ಹಣ. 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ನಿಲ್ಲುವುದು ಸುಮಾರು 105. ಸಾಲದುದಕ್ಕೆ, 2024ರ ಆಗಸ್ಟ್ 10ರ ರಾತ್ರಿ 19ನೆಯ ತೂಬುಬಾಗಿಲಿನ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋಯಿತು. ತಾತ್ಕಾಲಿಕ ಬಾಗಿಲು ಕೂರಿಸುವವರೆಗೆ ಒಂದು ವಾರದಷ್ಟು ಕಾಲ ನೀರು ನದಿಗೆ ಹರಿಯಿತು. ಅಂಥ ವಾರದಲ್ಲಿ, ಸಾಲ ಮಾಡಿ ಯಂತ್ರ ತಂದವನು ಕಂತಿನ ದಿನವನ್ನು ಎಣಿಸುತ್ತಾನೆ. ಮಗ ಕೇಳಿದ ಯಂತ್ರವನ್ನು ಮುಂದಿನ ವರ್ಷಕ್ಕೆ ಬಿಟ್ಟವನು ಕಣದ ಬಿರುಕುಗಳಿಗೆ ಸಿಮೆಂಟು ಹಾಕಿಸುತ್ತಿರುತ್ತಾನೆ.