ಲ್ಯಾಕ್ಟೋಮೀಟರ್ ಇಲ್ಲದ ಕಡೆ

ಲೂಕ 19:8 ತೆಗೆಯಿರಿ.

ನಮ್ಮ ದೊಡ್ಡಬೆಳವಂಗಲದಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕೋವಾಗ "ನೀರು ಬೆರೆಸಿದ್ಯಾ?" ಅಂತ ಕೇಳೋ ಅಗತ್ಯ ಇಲ್ಲ. ಲ್ಯಾಕ್ಟೋಮೀಟರ್ ಇಳಿಸಿದ್ರೆ ಅದೇ ಹೇಳುತ್ತೆ. ಬೆಂಗಳೂರಿನ ಆಫೀಸಲ್ಲಿ ನಮಗೆ ಅಂಥ ಮೀಟರ್ ಇಲ್ಲ. ನಾನೇ ಒಂದು ಕಾಲದಲ್ಲಿ ಬಸ್ಸಲ್ಲಿ ಹೋಗಿ ಕ್ಯಾಬ್ ಬಿಲ್ ಹಾಕ್ತಿದ್ದೆ. ಭಾನುವಾರ ಕೈಯೆತ್ತಿ ಆರಾಧನೆ, ಸೋಮವಾರ ಸುಳ್ಳು ಬಿಲ್.

ಜಕ್ಕಾಯನನ್ನು ನೋಡಿ. ಮೊದಲು ಯೇಸುಸ್ವಾಮಿ ಅವನ ಮನೆಗೆ ಬಂದರು, ಆಮೇಲೆ ಅವನು ಲೆಕ್ಕ ತೆಗೆದ. ಕೃಪೆ ಮೊದಲು. ಅರಣ್ಯಕಾಂಡ 5:7ರ ಪ್ರಕಾರ ಅಸಲಿನ ಜೊತೆ ಐದರಲ್ಲೊಂದು ಭಾಗ ಸೇರಿಸಿ ಕೊಟ್ಟರೆ ಸಾಕಿತ್ತು. ಇವನು ನಾಲ್ಕರಷ್ಟು ಕೊಡ್ತೀನಿ ಅಂದ!

ಆ ವಾಕ್ಯ ನನಗೆ ನಿದ್ದೆ ಮಾಡೋಕೆ ಬಿಡಲಿಲ್ಲ. ಮ್ಯಾನೇಜರ್ ಹತ್ರ ಹೋಗಿ ಒಪ್ಪಿಕೊಂಡೆ. ಮೂರು ತಿಂಗಳ ಸಂಬಳದಲ್ಲಿ ಹಣ ಹಿಂದಕ್ಕೆ ಕಟ್ಟಿದೆ. ಆ ವರ್ಷ ಪ್ರಮೋಷನ್ ಸಿಗಲಿಲ್ಲ. ಸಾಕ್ಷಿ ಅಂದ್ರೆ ಯಾವಾಗಲೂ ಲಾಭದ ಕಥೆ ಅಲ್ಲ, ಪ್ರಿಯರೇ. ಆದರೆ ಈಗ ಮೊಣಕಾಲೂರಿದಾಗ ಆ ಬಿಲ್ ಅಡ್ಡ ಬರಲ್ಲ.

ಈ ವಾರ ಒಂದೇ ಕೆಲಸ. ಯಾರಿಗೆ ಏನು ತಿರುಗಿ ಕೊಡಬೇಕು ಅಂತ ಕರ್ತನನ್ನು ಕೇಳಿ. ತೋರಿಸಿದ್ದನ್ನು ಕೊಟ್ಟುಬಿಡಿ. ಆಮೆನ್.