ಕ್ರಿಪ್ಟೊ ಮಾರುಕಟ್ಟೆಯ ವಹಿವಾಟು ಜೋಡಿಗಳು

ಬಿಟಿಸಿ/ಐಎನ್‌ಆರ್ (ಬಿಟ್‌ಕಾಯಿನ್/ರೂಪಾಯಿ) ಎಂಬುದು ಒಂದು ವಹಿವಾಟು ಜೋಡಿ. ಓರೆಗೆರೆಯ ಎಡಕ್ಕಿರುವುದು ಮೂಲ ಕರೆನ್ಸಿ, ಅಂದರೆ ಕೊಳ್ಳುವ ಅಥವಾ ಮಾರುವ ಸ್ವತ್ತು. ಬಲಕ್ಕಿರುವುದು ಅದರ ಬೆಲೆ ಹೇಳುವ ಕರೆನ್ಸಿ. ಡಾಲರ್-ರೂಪಾಯಿ ವಿನಿಮಯ ದರಕ್ಕೂ ಇದೇ ಕ್ರಮ.

ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಎರಡೂ ಬದಿಯಲ್ಲಿ ಕ್ರಿಪ್ಟೊ ಇದ್ದಾಗ. ಇಟಿಎಚ್/ಬಿಟಿಸಿ 0.05 ಎಂದರೆ ಒಂದು ಈಥರ್‌ನ ಬೆಲೆ 0.05 ಬಿಟ್‌ಕಾಯಿನ್. ಇದು 0.04ಕ್ಕೆ ಇಳಿದ ಮಾತ್ರಕ್ಕೆ ರೂಪಾಯಿ ಲೆಕ್ಕದಲ್ಲೂ ಈಥರ್ ಅಗ್ಗವಾಯಿತೆಂದು ಬರೆಯಬೇಡಿ. ರೂಪಾಯಿಯಲ್ಲಿ ಈಥರ್ ಶೇ 10ರಷ್ಟು, ಬಿಟ್‌ಕಾಯಿನ್ ಶೇ 37.5ರಷ್ಟು ಏರಿದರೂ ಜೋಡಿಯ ದರ ಸರಿಯಾಗಿ 0.04ಕ್ಕೇ ಬರುತ್ತದೆ. ಲೆಕ್ಕ ಹಾಕಿ ನೋಡಿ.

ಬಲಬದಿಯಲ್ಲಿ ಹೆಚ್ಚಾಗಿ ಕಾಣುವ ಯುಎಸ್‌ಡಿಟಿ, ಅಂದರೆ ಟೆದರ್, 2014ರಲ್ಲಿ ಬಂದ ಸ್ಟೇಬಲ್‌ಕಾಯಿನ್. ಒಂದು ಡಾಲರ್‌ಗೆ ಸಮನಾಗಿರುವುದು ಅದರ ಗುರಿ. ಅದನ್ನು ಹೊರಡಿಸುವುದು ಖಾಸಗಿ ಕಂಪನಿ, ಅಮೆರಿಕ ಸರ್ಕಾರವಲ್ಲ.

ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಸೇರಿದಂತೆ ವರ್ಚುವಲ್ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇ 30 ತೆರಿಗೆ, ಅದೇ ವರ್ಷದ ಜುಲೈ 1ರಿಂದ ಶೇ 1 ಟಿಡಿಎಸ್ ಜಾರಿಗೆ ಬಂದವು. ರೂಪಾಯಿ ಮುಟ್ಟದೆ ಒಂದು ಕ್ರಿಪ್ಟೊ ಕೊಟ್ಟು ಇನ್ನೊಂದನ್ನು ಪಡೆದರೂ ತೆರಿಗೆಯ ಲೆಕ್ಕದಲ್ಲಿ ಅದು ವರ್ಗಾವಣೆಯೇ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ.