ಸದ್ದು ಮಾಡದ ಸೈಕಲ್ಲು

ಮೈಸೂರಿನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ನಾನೂ ನನ್ನ ಗೆಳೆಯನೂ ಎಳೆದ ಗೆರೆ ನೋಡಲು ಬಲು ಚೆಂದವಿತ್ತು. ತಾಳವಾಡಿಯಿಂದ ಹೊರಟು ತಲಮಲೆ, ಅಲ್ಲಿಂದ ದಿಂಬಂ, ಹೆದ್ದಾರಿ ಹಿಡಿದು ಹಾಸನೂರು, ತಿರುಗಿ ತಾಳವಾಡಿ. ಅರವತ್ತು-ಎಪ್ಪತ್ತು ಕಿಲೋಮೀಟರಿನ ಸುತ್ತು. ಬರೀ ಡಾಂಬರು ತುಳಿದರೆ ಏನು ಬಂತು ಎಂದು, ಉಪಗ್ರಹ ಚಿತ್ರದಲ್ಲಿ ಬೈತಲೆ ತೆಗೆದ ಹಾಗೆ ಕಾಣುತ್ತಿದ್ದ ಒಂದು ಮಣ್ಣು ದಾರಿಯನ್ನೂ ಅದಕ್ಕೆ ಸೇರಿಸಿದೆವು. ಸಾಲ ಮಾಡಿ ಮೌಂಟನ್ ಬೈಕ್ ಕೊಂಡಿದ್ದು ಮತ್ತೆ ಯಾತಕ್ಕೆ?

ಡಿಸೆಂಬರಿನ ಒಂದು ಸಂಜೆ ತಾಳವಾಡಿಯ ಟೀ ಅಂಗಡಿಯಲ್ಲಿ ಪಕ್ಕ ಕೂತಿದ್ದ ಹಿರಿಯ ರೈತರೊಬ್ಬರಿಗೆ ಫೋನಿನಲ್ಲಿ ಆ ಬೈತಲೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ, “ದಾರಿನೇ ಕನಪ್ಪ. ಆದ್ರ ನಿಮ್ದಲ್ಲ, ಆನದು” ಅಂದರು.

ನಮ್ಮ ಉಡಾಫೆಗೆ ಒಂದು ಕಾರಣ ಭಾಷೆ ಅಂತ ಈಗ ಅನ್ನಿಸುತ್ತದೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. ಬೋರ್ಡು ತಮಿಳಿನಲ್ಲಿ, ಮಾತು ಚಾಮರಾಜನಗರದ ಕನ್ನಡದಲ್ಲಿ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲೇ ಪಕ್ಕದಲ್ಲಿ. ಮಾತು ನಮ್ಮದಾದ್ದರಿಂದ ಕಾಡೂ ಗೊತ್ತಿರುವಂಥದ್ದೇ ಎಂದು ಮನಸ್ಸು ತಾನಾಗಿ ಸಲಿಗೆ ತೆಗೆದುಕೊಂಡುಬಿಟ್ಟಿತ್ತು. ಆದರೆ ಸುತ್ತಲಿರುವುದು 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ. ಸಾವಿರದ ನಾನೂರು ಚದರ ಕಿಲೋಮೀಟರಿಗೂ ಹೆಚ್ಚು. ನಾವು ಗುರುತು ಹಾಕಿಕೊಂಡಿದ್ದ ಮಣ್ಣು ದಾರಿ ಕಾಡ್ಗಿಚ್ಚು ಹಬ್ಬದಿರಲೆಂದು ಗಿಡಗಂಟಿ ಸವರಿ ಮಾಡಿದ ಬೆಂಕಿ ರೇಖೆ. ಆ ಸವರಿದ ಪಟ್ಟಿಯಲ್ಲಿ ಓಡಾಡುವುದು ಆನೆಗೂ ಸಲೀಸು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವುದೇ ಅಪರಾಧ, ಸೈಕಲ್ಲಿನ ಮಾತು ಆಮೇಲೆ. ತೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚಿನಲ್ಲಿ ಚಾರಣಕ್ಕೆ ಹೋದವರು ಕಾಡ್ಗಿಚ್ಚಿಗೆ ಸಿಕ್ಕಿ ಸತ್ತ ಮೇಲೆ ತಮಿಳುನಾಡಿನಲ್ಲಿ ಚಾರಣಕ್ಕೂ ಬಿಗಿ ನಿಯಮ ಬಂದಿದೆ. ಇಷ್ಟನ್ನೂ ಮೈಸೂರಿನಲ್ಲೇ ಓದಿಕೊಳ್ಳಬಹುದಿತ್ತು. ನಾವು ಓದಿದ್ದು ಟೈರಿನ ಗಾಳಿ ಎಷ್ಟಿರಬೇಕು ಎಂಬುದನ್ನು.

ಬೈತಲೆ ಅಳಿಸಿದೆವು. ಉಳಿದದ್ದು ಬಸ್ಸು ಓಡಾಡುವ ರಸ್ತೆ. ಅದಕ್ಕೂ ಆ ರೈತ ಯಜಮಾನರು ಗಡಿಯಾರ ಕಟ್ಟಿದರು. ಬೆಳಿಗ್ಗೆ ಎಂಟಕ್ಕೆ ಮುಂಚೆ ಕಾಡಿನ ರಸ್ತೆಗೆ ಇಳಿಯಬೇಡಿ: ರಾತ್ರಿ ಹೊಲಕ್ಕೆ ಬಂದ ಆನೆ ಕಾಡಿಗೆ ವಾಪಸಾಗುವ ಹೊತ್ತು ಅದು. ಮೂರು ಗಂಟೆಯ ಮೇಲೆ ಅಲ್ಲಿರಬೇಡಿ. ಹೆದ್ದಾರಿಯದು ಬೇರೆಯೇ ಲೆಕ್ಕ. ಬಣ್ಣಾರಿಯಿಂದ ಇಪ್ಪತ್ತೇಳು ತಿರುವು ಹತ್ತಿ ಬರುವ ದಿಂಬಂ ಘಾಟಿಯಲ್ಲಿ ಹೈಕೋರ್ಟ್ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ತಡೆ ಇದೆ. ಲಾರಿಗಳಿಗೆ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ. ಆರಕ್ಕೆ ಗೇಟು ತೆಗೆದೊಡನೆ ರಾತ್ರಿಯೆಲ್ಲ ತಡೆದಿದ್ದ ಲಾರಿಗಳ ಸಾಲು ಒಂದೇ ಉಸಿರಿಗೆ ಹೊರಡುತ್ತದೆ. ಅಲ್ಲಿ ಸೈಕಲ್ಲಿನವನಿಗೆ ಆನೆಗಿಂತ ಲಾರಿಯ ಭಯ. ಹೀಗೆ ಕಳೆಯುತ್ತಾ ಹೋದರೆ ನಮ್ಮ ಪಾಲಿಗೆ ದಿನದಲ್ಲಿ ಉಳಿದದ್ದು ಏಳೇ ಗಂಟೆ. ಹತ್ತೂವರೆಯೊಳಗೆ ತಲಮಲೆ ಮುಟ್ಟದಿದ್ದರೆ ಎಲ್ಲಿದ್ದೇವೋ ಅಲ್ಲಿಂದಲೇ ವಾಪಸು ಎಂದು ಬರೆದು, ಆ ಚೀಟಿಯ ನಕಲನ್ನು ಲಾಡ್ಜಿನವರ ಕೈಗೆ ಕೊಟ್ಟೆವು. ದಾರಿಯಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ ಇಲ್ಲವಾದ್ದರಿಂದ ಕಾಗದವೇ ಗತಿ.

ಬೆಳಿಗ್ಗೆ ಹೊರಡುವಾಗ ಯಜಮಾನರು ಮತ್ತೆ ಸಿಕ್ಕರು. ರಾತ್ರಿಯೆಲ್ಲ ರಾಗಿ ಹೊಲದ ಅಟ್ಟಣೆಯ ಮೇಲೆ ಟಾರ್ಚು, ಪಟಾಕಿ ಇಟ್ಟುಕೊಂಡು ಕಾದು, ಕೆಂಪಾದ ಕಣ್ಣಲ್ಲೇ ಟೀ ಕುಡಿಯಲು ಬಂದಿದ್ದರು. ನನ್ನ ಬೆನ್ನುಚೀಲದಿಂದ ಇಣುಕುತ್ತಿದ್ದ ಬಾಳೆಹಣ್ಣಿನ ಚಿಪ್ಪು ನೋಡಿ ನಕ್ಕರೋ ನಕ್ಕರು. “ಆನ ಕಾಡ್ಗ ಬಾಳಹಣ್ಣ ಹೊತ್ಕಂಡು ಹೋದರಾ?” ಸೈಕಲ್ ಸವಾರರಿಗೆ ಬಾಳೆಹಣ್ಣಿಗಿಂತ ಒಳ್ಳೆಯ ಆಹಾರವಿಲ್ಲ ಎಂದು ನಾನು ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೋ! ಚಿಪ್ಪನ್ನು ಅಂಗಡಿಯಲ್ಲೇ ಬಿಟ್ಟು ಕಡಲೆಮಿಠಾಯಿ ಕಟ್ಟಿಸಿಕೊಂಡೆವು.

ಮುದಿಯನೂರು ದಾಟಿದ ಮೇಲೆ ಕಾಡು ರಸ್ತೆಯ ಎರಡೂ ಬದಿಗೆ ಒತ್ತಿಕೊಂಡು ಬರುತ್ತದೆ. ಆಳೆತ್ತರದ ಲಂಟಾನ; ಅದರ ಹಿಂದೆ ನಿಂತದ್ದು ಆನೆಯಾದರೂ ಕಾಣದು. ಏರು ಮುಗಿದು ಸಣ್ಣ ಇಳಿಜಾರು. ಪೆಡಲ್ ನಿಲ್ಲಿಸಿ ಸುಮ್ಮನೆ ಜಾರುತ್ತಿದ್ದೆವು. ತಿರುವಿನಾಚೆ ರಸ್ತೆಯ ನಡುವೆ ಲದ್ದಿ. ಬ್ರೇಕ್ ಹಿಡಿದು ನಿಂತೆ. ಚಳಿಗೆ ಅದರಿಂದ ತೆಳ್ಳಗೆ ಹಬೆ ಏಳುತ್ತಿತ್ತು. ನಾರಿನ ನಡುವೆ ಅರೆಯದೆ ಉಳಿದ ಜೋಳದ ಕಾಳುಗಳು ಹಳದಿಯಾಗಿ ಹೊಳೆಯುತ್ತಿದ್ದವು, ಯಾರ ಹೊಲದ್ದೋ. ಬಲಗಡೆ ಕೊಂಬೆಯೊಂದು ಲಟಕ್ಕೆಂದಿತು.

ಹೊಳೆದದ್ದು ಆಗಲೇ. ಬಸ್ಸಾಗಲಿ ಬೈಕಾಗಲಿ ಬರುವುದನ್ನು ಆನೆ ದೂರದಿಂದಲೇ ಕೇಳಿಸಿಕೊಂಡು ತನಗೆ ಬೇಕಾದ್ದು ಮಾಡುತ್ತದೆ. ನಮ್ಮದು ಕಳ್ಳ ಬೆಕ್ಕಿನ ಹಾಗೆ ಬರುವ ವಾಹನ. ಸೈಕಲ್ಲಿನ ಯಾವ ಗುಣವನ್ನು ಇಪ್ಪತ್ತು ವರ್ಷ ಮೆಚ್ಚಿಕೊಂಡು ಬಂದೆನೋ, ಎಣ್ಣೆ ಬಿಟ್ಟು ಬಿಟ್ಟು ಚೈನಿನ ಸದ್ದು ಅಡಗಿಸಿದೆನೋ, ಇಲ್ಲಿ ಅದೇ ಅಪಾಯ. ಮೆಲ್ಲಗೆ ಹಿಂದೆ ಸರಿದು, ಬಂದ ದಾರಿಯಲ್ಲೇ ಇನ್ನೂರು ಹೆಜ್ಜೆ ಸೈಕಲ್ ತಳ್ಳಿಕೊಂಡು ಹೋಗಿ ನಿಂತೆವು.

ನಿಂತದ್ದು ಮುಕ್ಕಾಲು ಗಂಟೆ. ಆಮೇಲೆ ಸರ್ಕಾರಿ ಬಸ್ಸೊಂದು ಬಂತು. ತಿರುವಿನಲ್ಲಿ ಉದ್ದಕ್ಕೆ ಹಾರ್ನ್ ಹೊಡೆದು, ಕೊಂಚ ನಿಂತು, ಹೊರಟುಹೋಯಿತು. ದಾರಿ ತೆರವಾಗಿತ್ತು. ಗೆಳೆಯ ಆಗಲೇ ಹೆಲ್ಮೆಟ್ ಬಿಗಿದುಕೊಂಡ. ನಾನು ಗಡಿಯಾರ ನೋಡಿದೆ: ಹತ್ತು ನಲವತ್ತು.

“ಹತ್ತೇ ನಿಮಿಷ ಕಣೋ,” ಎಂದ.

ಹತ್ತೇ ನಿಮಿಷ, ನಿಜ. ಆದರೆ ಚೀಟಿ ಬರೆದದ್ದು ತಣ್ಣಗೆ ಕೂತು ಯೋಚಿಸಿದ ತಲೆ. ಈಗ ಮಾತಾಡುತ್ತಿದ್ದದ್ದು ಆನೆಯಿಂದ ತಪ್ಪಿಸಿಕೊಂಡ ಹುರುಪು. ತಲಮಲೆ ಇನ್ನೂ ದೂರವಿತ್ತು, ದಿಂಬಂ ಅದರಾಚೆ. ಇಬ್ಬರೂ ಅಲ್ಲೇ ಜಗಳವಾಡಿದೆವು, ಅದೂ ದೊಡ್ಡ ದನಿಯಲ್ಲಿ. ಕಾಡಿಗಿಳಿದ ಮೇಲೆ ನಾವು ಮಾಡಿದ ಮೊದಲ ಬುದ್ಧಿವಂತ ಕೆಲಸ ಅದೇ ಇರಬೇಕು. ತಿರುಗಿ ಹೊರಟಾಗ ಅವನು ಮುಖ ಊದಿಸಿಕೊಂಡಿದ್ದ. ದಾರಿಯಲ್ಲಿ ಅವನ ಟೈರಿಗೆ ಮುಳ್ಳು ಹೊಕ್ಕಿತು. ತೆಗೆದು ಪ್ಯಾಚ್ ಹಾಕಲು ಇಪ್ಪತ್ತೈದು ನಿಮಿಷ. ಇದನ್ನು ತಲಮಲೆಯಾಚೆ, ಸಂಜೆ ಮಾಡಬೇಕಾಗಿ ಬಂದಿದ್ದರೆ ಎಂದು ನಾನು ಬಾಯಿಬಿಟ್ಟು ಕೇಳಲಿಲ್ಲ.

ಸುತ್ತು ಇನ್ನೂ ಬಾಕಿ ಇದೆ. ತಾಳವಾಡಿಗೆ ಬಂದವನೇ ದನದ ಕೊರಳಿಗೆ ಕಟ್ಟುವ ಹಿತ್ತಾಳೆ ಗಂಟೆಯೊಂದನ್ನು ಕೊಂಡು ಹ್ಯಾಂಡಲ್ಲಿಗೆ ಕಟ್ಟಿ, ಯಜಮಾನರ ಮುಂದೆ ಕುಲುಕಿ ತೋರಿಸಿದೆ. ಅವರು ಒಂದು ಗಳಿಗೆ ತಲೆದೂಗಿದರು.

“ಆನ ಏನೋ ಆಚ್ಗ ಹೋದದು ಕನಪ್ಪ. ಚಿರತ ಕರ ಅನ್ಕಂಡು ಬಂದ್ರ?”